ಕರೆ ಎತ್ತುತ್ತಿದ್ದ ಯಂತ್ರ

ಇಂಟರ್ನೆಟ್ಟಿಗೆ ಫೋನ್ ಮಾಡಿಕೊಂಡು ಹೋಗಬೇಕಿದ್ದ ಕಾಲದ ಬಗ್ಗೆ ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಮನೆ ಕಡೆಯ ಕಥೆಗಳು. ಕೀಚಲು ದನಿಯ ಮೋಡೆಮ್, ಅರ್ಧಕ್ಕೇ ನಿಂತುಬಿಡುವ ಚಿತ್ರ, ಪಕ್ಕದ ಕೋಣೆಯಲ್ಲಿ ಯಾರೋ ರಿಸೀವರ್ ಎತ್ತಿದ ಕೂಡಲೇ ಕಡಿದುಹೋಗುವ ಲೈನು. ಆದರೆ ಫೋನಿಗೆ ಎರಡು ತುದಿ ಇರುತ್ತದಲ್ಲ? ಆ ತುದಿಯಲ್ಲಿ ಕರೆ ಎತ್ತುತ್ತಿದ್ದದ್ದು ಏನು, ಒಂದೇ ಹೊತ್ತಿಗೆ ಸಾವಿರಾರು ಜನರ ಕರೆಯನ್ನು ಅದು ಹೇಗೆ ಸಂಭಾಳಿಸುತ್ತಿತ್ತು ಎಂದು ಕೇಳಿದವರು ಕಡಿಮೆ. ಮೋಡೆಮಿನ ಡಬ್ಬಿಯ ಮೇಲೆ '56ಕೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಕೊಂಡವರೆಲ್ಲ ಆ ವೇಗ ತಾವು ದುಡ್ಡು ಕೊಟ್ಟು ತಂದ ಡಬ್ಬಿಯದೇ ಎಂದು ನಂಬಿದ್ದರು. ನಿಜಕ್ಕೂ ಅದು ಆ ಕಡೆಯ ಯಂತ್ರದ ಕೊಡುಗೆ. ಮನೆಯ ಮೋಡೆಮ್ ಎಷ್ಟೇ ಒಳ್ಳೆಯದಿರಲಿ, ಆ ತುದಿಯಲ್ಲಿ ಸರಿಯಾದ ಪೆಟ್ಟಿಗೆ ಇಲ್ಲದಿದ್ದರೆ ಐವತ್ತಾರರ ಮಾತಿರಲಿ, ಮೂವತ್ತನಾಲ್ಕನ್ನೂ ದಾಟುವಂತಿರಲಿಲ್ಲ.

ಆ ಪೆಟ್ಟಿಗೆಗೆ ಕಂಪನಿಗೊಂದು ಹೆಸರು: ಆಕ್ಸೆಸ್ ಸರ್ವರ್, ರಿಮೋಟ್ ಆಕ್ಸೆಸ್ ಕಾನ್ಸಂಟ್ರೇಟರ್, ಯೂನಿವರ್ಸಲ್ ಗೇಟ್‌ವೇ. ಅಸೆಂಡ್ ಕಂಪನಿಯ ಮ್ಯಾಕ್ಸ್ ಟಿಎನ್‌ಟಿ, ಯುಎಸ್ ರೊಬಾಟಿಕ್ಸ್‌ನ ಟೋಟಲ್ ಕಂಟ್ರೋಲ್, ಲಿವಿಂಗ್‌ಸ್ಟನ್‌ನ ಪೋರ್ಟ್‌ಮಾಸ್ಟರ್ 3, ಸಿಸ್ಕೋದ ಎಎಸ್ ಸರಣಿ, ಎಲ್ಲವೂ ಒಂದೇ ಕುಲದವು. ಇಲ್ಲಿ ಸಿಸ್ಕೋ ಎಎಸ್5800 ಅನ್ನು ಮುಂದಿಟ್ಟುಕೊಂಡಿದ್ದೇನೆ. ಈ ಕುಲದ ಗುಣ ಅದರ ಒಡಲಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಪಾಟಿನ ತುಂಬ ಮೋಡೆಮ್

ಅದಕ್ಕಿಂತ ಮೊದಲು ಏನಿತ್ತು? 1990ರ ದಶಕದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ ಸೇವೆ ಶುರುಮಾಡಿದ ಚಿಕ್ಕಪುಟ್ಟ ಕಂಪನಿಗಳು ನಮ್ಮ ನಿಮ್ಮ ಮೇಜಿನ ಮೇಲೆ ಇರುತ್ತಿದ್ದಂಥ ಮೋಡೆಮ್‌ಗಳನ್ನೇ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟುಕೊಂಡಿದ್ದವು. ಒಂದೊಂದಕ್ಕೂ ಒಂದು ಫೋನ್ ವೈರು, ಒಂದು ಸೀರಿಯಲ್ ಕೇಬಲ್, ಗೋಡೆಗೆ ಸಿಕ್ಕಿಸುವ ಒಂದು ಅಡಾಪ್ಟರ್. ನೂರು ಗಿರಾಕಿಗಳು ಒಟ್ಟಿಗೆ ಬರಬೇಕೆಂದರೆ ನೂರು ಮೋಡೆಮ್, ಮುನ್ನೂರು ತಂತಿ. ಸೀರಿಯಲ್ ಕೇಬಲ್‌ಗಳೆಲ್ಲ ಹೋಗಿ ಸೇರುವುದು ಟರ್ಮಿನಲ್ ಸರ್ವರ್ ಎಂಬ ಇನ್ನೊಂದು ಪೆಟ್ಟಿಗೆಗೆ. ಕಪಾಟಿನ ನಡುವಿನ ಮೋಡೆಮ್‌ಗಳು ಒಂದರ ಬಿಸಿಗೆ ಇನ್ನೊಂದು ಬೆಂದು ಆಗಾಗ ಸ್ತಬ್ಧವಾಗುತ್ತಿದ್ದವು. ಇದರಲ್ಲಿ ಅತಿ ಕೆಟ್ಟದ್ದೆಂದರೆ ಸ್ತಬ್ಧವಾದ ಮೋಡೆಮ್ ಕರೆಯನ್ನು ಮಾತ್ರ ಎತ್ತಿಕೊಳ್ಳುವುದು. ಎತ್ತುತ್ತದೆ, ಮಾತಾಡುವುದಿಲ್ಲ. ಮುಂದಿನ ಗಿರಾಕಿಯೂ ಅದಕ್ಕೇ ಹೋಗಿ ಬೀಳುತ್ತಾನೆ, ಅದರಾಚೆಯವನೂ ಅಲ್ಲಿಗೇ. ಯಾರಾದರೂ ಎದ್ದು ಹೋಗಿ, ನೂರರಲ್ಲಿ ಯಾವುದು ಕೆಟ್ಟಿದೆ ಎಂದು ದೀಪಗಳನ್ನು ನೋಡಿ ಪತ್ತೆಮಾಡಿ, ಸ್ವಿಚ್ ಆರಿಸಿ ಹಾಕಬೇಕು.

ಇದಕ್ಕಿಂತ ಆಳದ ತೊಡಕು ಫೋನ್ ಎಕ್ಸ್‌ಚೇಂಜಿನಲ್ಲಿತ್ತು. ಆ ಹೊತ್ತಿಗೆ ದೊಡ್ಡ ಊರುಗಳ ಎಕ್ಸ್‌ಚೇಂಜುಗಳು ಡಿಜಿಟಲ್ ಆಗಿದ್ದವು. ನಮ್ಮ ದನಿ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನವರೆಗೆ ಅಲೆಯಾಗಿ ಹೋಗುತ್ತದೆ. ಅಲ್ಲಿ ಸೆಕೆಂಡಿಗೆ 8,000 ಸಲ ಅದನ್ನು ಅಳೆದು, ಪ್ರತಿ ಅಳತೆಯನ್ನೂ 256 ಮಟ್ಟಗಳಲ್ಲಿ ಒಂದಕ್ಕೆ ಸರಿಹೊಂದಿಸಿ, 8 ಬಿಟ್‌ನ ಸಂಖ್ಯೆಯಾಗಿ ಬರೆಯುತ್ತಾರೆ. ಎಂಟು ಸಾವಿರ ಗುಣಿಲೆ ಎಂಟು, ಸೆಕೆಂಡಿಗೆ 64 ಕಿಲೋಬಿಟ್. ಆಗಿನ ಡಿಜಿಟಲ್ ಎಕ್ಸ್‌ಚೇಂಜುಗಳೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದ್ದವು. ಇಂಥ 32 ಹರಿವುಗಳನ್ನು ಒಂದೇ ತಂತಿಯಲ್ಲಿ ಸರದಿಯ ಮೇಲೆ ಕಳಿಸಿದರೆ ಅದು ಇ1. ನಾಲೆಯ ನೀರನ್ನು ರೈತರು ಪಾಳಿ ಹಚ್ಚಿಕೊಂಡು ತಮ್ಮ ತಮ್ಮ ಗದ್ದೆಗೆ ತಿರುಗಿಸಿಕೊಳ್ಳುವ ಹಾಗೆ, ಸೆಕೆಂಡಿನ ಎಂಟು ಸಾವಿರದ ಒಂದಂಶದಲ್ಲಿ ಪ್ರತಿಯೊಬ್ಬರ ಪಾಳಿಯೂ ಒಮ್ಮೆ ಬಂದುಹೋಗುತ್ತದೆ. ಮೂವತ್ತು ಪಾಳಿ ಮಾತಿಗೆ, ಒಂದು ತಾಳ ಹಿಡಿಯಲಿಕ್ಕೆ, ಒಂದು 'ಕರೆ ಬಂತು, ಕರೆ ಮುಗಿಯಿತು' ಎಂಬ ಸಂಕೇತಗಳಿಗೆ. ಭಾರತದಲ್ಲಿ, ಯುರೋಪಿನಲ್ಲಿ ಇದೇ ಅಳತೆ. ಅಮೆರಿಕದಲ್ಲಿ 24 ಪಾಳಿಯ ಟಿ1. ಅಂಥ 28 ಟಿ1 ಸೇರಿದರೆ ಟಿ3, ಅಂದರೆ 672 ಕರೆ.

ಹೀಗೆ ಎಕ್ಸ್‌ಚೇಂಜಿನವರೆಗೆ ಅಂಕಿಯಾಗಿ ಬಂದ ಕರೆಯನ್ನು, ಆ ಕಪಾಟಿನ ಮೋಡೆಮ್‌ಗಳಿಗೋಸ್ಕರ ಮತ್ತೆ ಅಲೆಯಾಗಿ ಬಿಡಿಸಿ ನೂರು ತಾಮ್ರದ ಜೋಡಿಗಳಲ್ಲಿ ಕಳಿಸಬೇಕಿತ್ತು. ಅಂಕಿಯನ್ನು ಅಂಕಿಯಾಗಿಯೇ ಒಳಗೆ ತೆಗೆದುಕೊಂಡರಾಗದೇ? ಇ1 ತಂತಿಯನ್ನೇ ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಿ, ಮೋಡೆಮ್ ಎಂಬ ವಸ್ತುವನ್ನೇ ಒಂದು ಲೆಕ್ಕಾಚಾರವಾಗಿ ಕರಗಿಸಿಬಿಟ್ಟರೆ? ಈ ಕುಲದ ಯಂತ್ರಗಳೆಲ್ಲ ಹುಟ್ಟಿದ್ದು ಇದೇ ಪ್ರಶ್ನೆಯಿಂದ.

ಹದಿನಾಲ್ಕು ಸ್ಲಾಟು

ಎಎಸ್5800 ಅಂದರೆ ಎರಡು ಪೆಟ್ಟಿಗೆಗಳ ಜೋಡಿ. ಕರೆಗಳನ್ನು ಎತ್ತುವ ಕೆಲಸ 5814 ಎಂಬ ಡಯಲ್ ಶೆಲ್ಫಿನದು. ಎತ್ತಿದ ಮೇಲೆ ಹೊರಬರುವ ಇಂಟರ್ನೆಟ್ ಪ್ಯಾಕೆಟ್‌ಗಳನ್ನು ದಾರಿಗೆ ಹಚ್ಚುವ ಕೆಲಸ 7206 ಎಂಬ ರೂಟರಿನದು. ಎರಡನ್ನೂ ಒಂದು ಕೇಬಲ್ ಬೆಸೆಯುತ್ತದೆ.

ಡಯಲ್ ಶೆಲ್ಫಿನ ಮುಖದಲ್ಲಿ ಸೊನ್ನೆಯಿಂದ ಹದಿಮೂರರವರೆಗೆ ಎಣಿಸಿದ 14 ಸ್ಲಾಟ್. ಕಾರ್ಡುಗಳು ಲಂಬವಾಗಿ, ಗ್ರಂಥಾಲಯದ ದಪ್ಪ ಸಂಪುಟಗಳಂತೆ ನಿಲ್ಲುತ್ತವೆ. ಕೊನೆಯ ಎರಡು ಸ್ಲಾಟ್ ನಿಯಂತ್ರಕ ಕಾರ್ಡುಗಳಿಗೆ ಮೀಸಲು. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಎರಡು. ಮಿಕ್ಕ ಹನ್ನೆರಡರಲ್ಲಿ ಟ್ರಂಕ್ ಕಾರ್ಡು ಮತ್ತು ಮೋಡೆಮ್ ಕಾರ್ಡು. ಟ್ರಂಕ್ ಕಾರ್ಡಿನ ಕೆಲಸ ಎಕ್ಸ್‌ಚೇಂಜಿನಿಂದ ಬಂದ ಇ1 ಅಥವಾ ಟಿ3 ತಂತಿಯನ್ನು ಬಿಡಿಸಿ ಒಂದೊಂದು ಕರೆಯ ಪಾಳಿಯನ್ನೂ ಬೇರ್ಪಡಿಸುವುದು. ಒಂದು ಇ1 ಟ್ರಂಕ್ ಕಾರ್ಡು ಹನ್ನೆರಡು ಇ1 ಹಿಡಿಯುತ್ತದೆ, ಅಂದರೆ 360 ಕರೆ.

ಮೋಡೆಮ್ ಕಾರ್ಡಿನ ಮೇಲೆ ಕಣ್ಣಿಗೆ ಕಾಣುವ ಮೋಡೆಮ್ ಇಲ್ಲ. ಸಂಕೇತ ಸಂಸ್ಕರಣೆಗೆಂದೇ ಇರುವ ಡಿಎಸ್‌ಪಿ ಚಿಪ್‌ಗಳ ಪುಟ್ಟ ಫಲಕಗಳು ಮಾತ್ರ. ಸಿಸ್ಕೋ ಇವಕ್ಕೆ ಮೈಕಾ ಎಂದು ಹೆಸರಿಟ್ಟಿತ್ತು. ಒಂದು ಫಲಕದಲ್ಲಿ ಆರು ಮೋಡೆಮ್, ಒಂದು ಕಾರ್ಡಿನಲ್ಲಿ ಹನ್ನೆರಡು ಫಲಕ, ಒಟ್ಟು 72. ಮುಂದಿನ ಪೀಳಿಗೆಯಲ್ಲಿ ಫಲಕಕ್ಕೆ ಹನ್ನೆರಡು ಮೋಡೆಮ್, ಕಾರ್ಡಿಗೆ 144. ಈಗ ಕೂಡಿಸಿ ನೋಡಿ. ಎರಡು ಟಿ3 ಕಾರ್ಡುಗಳಿಂದ 1,344 ಕರೆ ಒಳಗೆ ಬರುತ್ತದೆ. ಉಳಿದ ಹತ್ತು ಸ್ಲಾಟಿಗೂ 144ರ ಕಾರ್ಡು ತುಂಬಿದರೆ 1,440 ಮೋಡೆಮ್. ಹನ್ನೆರಡು ಸ್ಲಾಟ್ ಭರ್ತಿಯಾಗಿ, ಕೈಮೀಸಲಿಗೆ 96 ಮೋಡೆಮ್ ಉಳಿಯಿತು. ಈ ಯಂತ್ರದ ಆಕಾರವನ್ನು ತೀರ್ಮಾನಿಸಿದ್ದು ಕಂಪ್ಯೂಟರಿನ ಎರಡು, ನಾಲ್ಕು, ಎಂಟರ ಗಣಿತಕ್ಕಿಂತ ಹೆಚ್ಚಾಗಿ ಟೆಲಿಫೋನಿನವರ ಇಪ್ಪತ್ನಾಲ್ಕು, ಮೂವತ್ತು, ಆರುನೂರ ಎಪ್ಪತ್ತೆರಡರ ಗಣಿತ. 72 ಮತ್ತು 144 ಇಪ್ಪತ್ನಾಲ್ಕರ ಗುಣಕಗಳಾಗಿರುವುದು ಆಕಸ್ಮಿಕವಲ್ಲ.

ಈ ಪೆಟ್ಟಿಗೆಯನ್ನು ನೋಡಿದ ಕೂಡಲೇ ಇದು ಕಂಪ್ಯೂಟರ್ ಕೋಣೆಯ ಸಾಮಾನಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ಸಾಮಾನು ಎಂದು ಗೊತ್ತಾಗುವುದು ಅದರ ವಿದ್ಯುತ್ತಿನಿಂದ. ಗೋಡೆಯ ಪ್ಲಗ್ಗಿನ 230 ವೋಲ್ಟ್ ಇದಕ್ಕೆ ಬೇಡ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ ಬರುವ ಮೈನಸ್ 48 ವೋಲ್ಟ್ ಡಿಸಿ ಬೇಕು, ಅದೂ ಎರಡು ಪ್ರತ್ಯೇಕ ದಾರಿಯಿಂದ. (ಗೋಡೆಯ ಕರೆಂಟೇ ಗತಿ ಎನ್ನುವವರಿಗೆ ಬೇರೆ ಪವರ್ ಶೆಲ್ಫ್ ಇತ್ತು.) ಧನ ತುದಿಯನ್ನು ಭೂಮಿಗೆ ಕಟ್ಟಿ ಋಣ ತುದಿಯನ್ನು ಲೈನಿಗೆ ಕೊಡುವ ಈ ಪದ್ಧತಿ ಟೆಲಿಫೋನಿನವರ ಹಳೆಯ ಅನುಭವದಿಂದ ಬಂದದ್ದು. ನೆಲದೊಳಗಿನ ತಾಮ್ರ ತೇವಕ್ಕೆ ಸವೆಯುವುದು ಇದರಿಂದ ಕಡಿಮೆಯಾಗುತ್ತದೆ. ಊರಿಗೆಲ್ಲ ಕರೆಂಟ್ ಹೋದರೂ ಫೋನು ಬದುಕಿರುತ್ತಿದ್ದದ್ದು ಆ ಬ್ಯಾಟರಿಗಳಿಂದ. ಇಂಟರ್ನೆಟ್ಟಿನ ಯಂತ್ರವೂ ಅದೇ ಶಿಸ್ತಿಗೆ ಒಳಪಟ್ಟಿತು.

ಕಾರ್ಡುಗಳ ಬೆನ್ನ ಹಿಂದಿನ ಫಲಕದಲ್ಲಿ ಎರಡು ಬಗೆಯ ಸಂಚಾರ ಜೊತೆಜೊತೆಗೆ ನಡೆಯುತ್ತದೆ. ಒಂದು ಕರೆಗಳದು. 64 ಕಿಲೋಬಿಟ್ಟಿನ ಪಾಳಿಗಳು ಟ್ರಂಕ್ ಕಾರ್ಡಿನಿಂದ ಮೋಡೆಮ್ ಕಾರ್ಡಿಗೆ ತಾಳ ತಪ್ಪದೆ ಹರಿಯಬೇಕು. ಇನ್ನೊಂದು ಪ್ಯಾಕೆಟ್‌ಗಳದು. ಮೋಡೆಮ್ ಕಾರ್ಡು ಬಿಡಿಸಿದ ಮಾಹಿತಿ ನಿಯಂತ್ರಕದ ಮೂಲಕ ರೂಟರಿಗೆ ಹೋಗಬೇಕು, ಅದಕ್ಕೆ ತಾಳದ ಹಂಗಿಲ್ಲ. ಆಗಿನ ಲೆಕ್ಕಕ್ಕೆ ನೂರು ವರ್ಷ ಹಳೆಯ ಟೆಲಿಫೋನ್ ವಿದ್ಯೆ, ಮೂವತ್ತು ವರ್ಷದ ಪ್ಯಾಕೆಟ್ ವಿದ್ಯೆ ಒಂದೇ ಫಲಕದ ಮೇಲೆ ಭೇಟಿಯಾಗುವ ಜಾಗ ಇದು. ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಚಂದ ಕಾಣುವುದೂ ಇದೇ.

ತಾಳ ಎಂದೆ. ಅದು ಅಲಂಕಾರದ ಮಾತಲ್ಲ. ಎಕ್ಸ್‌ಚೇಂಜಿನ ಗಡಿಯಾರಕ್ಕೂ ಪೆಟ್ಟಿಗೆಯ ಗಡಿಯಾರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸ್ವಲ್ಪ ಹೊತ್ತಿಗೊಮ್ಮೆ ಒಂದು ಪಾಳಿ ಬಿಟ್ಟುಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ. ಇದನ್ನು ಸ್ಲಿಪ್ ಎನ್ನುತ್ತಾರೆ. ಇಬ್ಬರು ಮಾತಾಡುತ್ತಿದ್ದರೆ ಸೆಕೆಂಡಿನ ಎಂಟು ಸಾವಿರದ ಒಂದಂಶ ಕಳೆದುಹೋದದ್ದು ಕಿವಿಗೆ ತಿಳಿಯುವುದೇ ಇಲ್ಲ. ಮೋಡೆಮಿಗೆ ಅದು ಕಾಲಡಿಯ ನೆಲ ಜಾರಿದಷ್ಟು ದೊಡ್ಡದು. ಅದು ಕೆಲಸ ನಿಲ್ಲಿಸಿ ಆ ಕಡೆಯ ಮೋಡೆಮ್ ಜೊತೆ ಮತ್ತೆ ಮೊದಲಿನಿಂದ ಹೊಂದಾಣಿಕೆ ಮಾಡಿಕೊಳ್ಳಬೇಕಾಗುತ್ತದೆ. 'ಲೈನ್ ಕ್ಲಿಯರ್ ಇದೆ, ಮಾತು ಚೆನ್ನಾಗಿ ಕೇಳಿಸುತ್ತೆ, ನೆಟ್ ಮಾತ್ರ ನಿಲ್ಲಲ್ಲ' ಎಂದು ದೂರು ಕೊಟ್ಟವರಿಗೆ, ಮಾತು ಕೇಳಿಸುತ್ತದೆ ಎಂದಮೇಲೆ ಲೈನು ಸರಿಯಿದೆ ಎಂಬ ಉತ್ತರ ಸಿಗುತ್ತಿತ್ತು. ಇಬ್ಬರ ಮಾತೂ ನಿಜವಾಗಿರಲು ಸಾಧ್ಯವಿತ್ತು.

ಮೊದಲ ಇಪ್ಪತ್ತೈದು ಸೆಕೆಂಡು

ಮನೆಯಲ್ಲಿ 'ಡಯಲ್' ಒತ್ತಿದ ಮೇಲೆ ಆ ತುದಿಯಲ್ಲಿ ನಡೆಯುತ್ತಿದ್ದದ್ದೇನು? ಎಕ್ಸ್‌ಚೇಂಜು ಮೊದಲು ಒಂದು ಪುಟ್ಟ ಸಂದೇಶ ಕಳಿಸುತ್ತದೆ: ಇಂಥ ಸಂಖ್ಯೆಗೆ ಕರೆ ಬಂದಿದೆ, ಮಾಡಿದವರ ಸಂಖ್ಯೆ ಇದು, ಇಂಥ ಪಾಳಿಯಲ್ಲಿ ಕೊಡುತ್ತಿದ್ದೇನೆ, ಇದು ಸಾದಾ ದನಿಯ ಕರೆಯೋ ಮನೆಯಿಂದಲೇ ಅಂಕಿಯಾಗಿ ಹೊರಟ ಐಎಸ್‌ಡಿಎನ್ ಕರೆಯೋ. ಐಎಸ್‌ಡಿಎನ್ ಆದರೆ ಮೋಡೆಮೇ ಬೇಡ, 64 ಕಿಲೋಬಿಟ್ ನೇರ ಒಳಗೆ. ಸಾದಾ ಕರೆಯಾದರೆ ಯಾವ ಮೋಡೆಮ್ ಖಾಲಿಯಿದೆ ಎಂದು ಯಂತ್ರ ನೋಡಿ, ಆ ಪಾಳಿಯನ್ನು ಅದಕ್ಕೆ ಜೋಡಿಸಿ, ಆಮೇಲಷ್ಟೇ ಕರೆ ಎತ್ತುತ್ತದೆ. ಕೆಟ್ಟ ಮೋಡೆಮ್ ಎಲ್ಲ ಕರೆಗಳನ್ನೂ ನುಂಗುವ ಹಳೆಯ ಪಾಡು ಇಲ್ಲಿಲ್ಲ. ಯಾವ ಟ್ರಂಕಿನ ಕರೆಯೂ ಯಾವ ಮೋಡೆಮಿಗಾದರೂ ಹೋಗಬಹುದು. ಮತ್ತೆ ಮತ್ತೆ ಸೋಲುವ ಮೋಡೆಮನ್ನು ಯಂತ್ರವೇ ಪಕ್ಕಕ್ಕಿಡುತ್ತದೆ.

ಎತ್ತಿದ ಕೂಡಲೇ ಗೇಟ್‌ವೇ 2,100 ಹರ್ಟ್ಸ್‌ನ ಒಂದು ನೀಳ ಸ್ವರ ಹಾಡುತ್ತದೆ. ಮನೆಯವರ ಕಿವಿಗೆ ಬೀಳುತ್ತಿದ್ದ ಮೊದಲ ಕೀಚಲು ಅದೇ. ಆ ಸ್ವರ ಮನೆಯ ಮೋಡೆಮಿಗೆ ಮಾತ್ರ ಉದ್ದೇಶಿಸಿದ್ದಲ್ಲ. ದೂರದ ಕರೆಗಳಲ್ಲಿ ಮಾರ್ದನಿ ಅಡಗಿಸಲೆಂದು ಟೆಲಿಫೋನ್ ಜಾಲದ ನಡುವೆ ಸಾಧನಗಳಿರುತ್ತವೆ. ಅವು ಮಾತಿಗೆ ಉಪಕಾರಿ, ಮೋಡೆಮಿಗೆ ಕಂಟಕ. ಸ್ವರದ ನಡುವೆ ನಿಗದಿತ ಅಂತರದಲ್ಲಿ ಅಲೆಯನ್ನು ಮಗುಚಿ ಹಾಕುವುದು ಆ ಸಾಧನಗಳಿಗೆ 'ಈ ಕರೆಯಲ್ಲಿ ನೀವು ಸುಮ್ಮನಿರಿ' ಎಂಬ ಸೂಚನೆ. ಆಮೇಲೆ ಎರಡೂ ಕಡೆಯವರು ತಮಗೆ ಬರುವ ಪದ್ಧತಿಗಳ ಪಟ್ಟಿ ಒಪ್ಪಿಸುತ್ತಾರೆ. ಬಳಿಕ ಲೈನಿನ ಗುಣ ಪರೀಕ್ಷಿಸಲು ಬೇರೆ ಬೇರೆ ಶ್ರುತಿಯ ಸ್ವರಗಳು, ತಮ್ಮ ದನಿಯ ಪ್ರತಿಧ್ವನಿ ತಮಗೇ ಎಷ್ಟು ವಾಪಸು ಬರುತ್ತಿದೆ ಎಂಬ ಅಳತೆ, ಕೊನೆಗೆ ಬಿಳಿ ಸದ್ದಿನಂಥ ಭೋರ್ಗರೆತ. ಅಲ್ಲಿಗೆ ಮನೆಯ ಸ್ಪೀಕರ್ ಮೌನ.

ದನಿ ನಿಂತ ಮೇಲೆ ಕಾಗದಪತ್ರದ ಕೆಲಸ. ಪಿಪಿಪಿ ಎಂಬ ಒಪ್ಪಂದದ ಪ್ರಕಾರ ಹೆಸರು, ಗುಪ್ತಪದ ಕೇಳುವುದು. ಗೇಟ್‌ವೇಗೆ ಗಿರಾಕಿಗಳ ಪಟ್ಟಿ ಗೊತ್ತಿಲ್ಲ, ಗೊತ್ತಿರಲೂಬಾರದು. ಅದು ರೇಡಿಯಸ್ ಎಂಬ ಪದ್ಧತಿಯಲ್ಲಿ ಇನ್ನೊಂದು ಕಂಪ್ಯೂಟರನ್ನು ಕೇಳುತ್ತದೆ. ಕ್ಯಾಲಿಫೋರ್ನಿಯದ ಲಿವಿಂಗ್‌ಸ್ಟನ್ ಕಂಪನಿಯಲ್ಲಿ ಕಾರ್ಲ್ ರಿಗ್ನಿ ಮತ್ತು ಸಂಗಡಿಗರು 1991ರ ಸುಮಾರಿಗೆ ರೂಪಿಸಿದ ಈ ಪದ್ಧತಿ 1997ರಲ್ಲಿ ಎಲ್ಲರೂ ಬಳಸಬಹುದಾದ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾಯಿತು. ಅದು 'ಇವರು ನಮ್ಮವರೇ, ಬಿಡು' ಎಂದರೆ ಗೇಟ್‌ವೇ ಒಂದು ಐಪಿ ವಿಳಾಸ ಕೊಟ್ಟು ಗಂಟೆ ಲೆಕ್ಕ ಶುರುಮಾಡುತ್ತದೆ. ಡಯಲ್ ಒತ್ತಿದಾಗಿನಿಂದ ಇಲ್ಲಿಯವರೆಗೆ ಇಪ್ಪತ್ತೋ ಇಪ್ಪತ್ತೈದೋ ಸೆಕೆಂಡು.

ಐವತ್ತಾರರ ಗುಟ್ಟು

ಈಗ ಮೊದಲಿಗೆ ಹೇಳಿದ ಮಾತಿಗೆ ಬರೋಣ. ಎಕ್ಸ್‌ಚೇಂಜಿನಲ್ಲಿ ಅಲೆಯನ್ನು 256 ಮಟ್ಟಗಳಿಗೆ ಹೊಂದಿಸುವಾಗ ಪ್ರತಿ ಸಲವೂ ಚೂರು ತಪ್ಪಾಗುತ್ತದೆ, ನಿಜವಾದ ಎತ್ತರ ಎರಡು ಮಟ್ಟಗಳ ನಡುವೆ ಎಲ್ಲೋ ಇರುತ್ತದೆ. ಆ ತಪ್ಪೇ ಲೈನಿನಲ್ಲಿ ಗದ್ದಲವಾಗಿ ಉಳಿಯುತ್ತದೆ. ಈ ಗದ್ದಲದೊಳಗೆ ಎಷ್ಟು ಮಾಹಿತಿ ತುರುಕಬಹುದು ಎಂಬುದಕ್ಕೆ ಗಣಿತದ ಮಿತಿಯಿದೆ. 1996ರ ಹೊತ್ತಿಗೆ ವಿ.34 ಮೋಡೆಮ್‌ಗಳು ಸೆಕೆಂಡಿಗೆ 33.6 ಕಿಲೋಬಿಟ್ಟಿಗೆ ಬಂದು ಆ ಮಿತಿಯ ಬಾಗಿಲಲ್ಲಿ ನಿಂತಿದ್ದವು. ಇನ್ನು ಮುಂದೆ ಹೋಗಲಾಗದು ಎಂದೇ ಬಲ್ಲವರೂ ಹೇಳುತ್ತಿದ್ದರು.

ಬ್ರೆಂಟ್ ಟೌನ್‌ಶೆಂಡ್ ಎಂಬ ಎಂಜಿನಿಯರ್ ಕಂಡದ್ದು ಬೇರೆ. ಇಂಟರ್ನೆಟ್ ಕಂಪನಿಯ ತುದಿ ಡಿಜಿಟಲ್ ಆಗಿದ್ದರೆ ಅಲ್ಲಿಂದ ಮನೆಗೆ ಬರುವ ದಿಕ್ಕಿನಲ್ಲಿ ಈ ತಪ್ಪು ಹುಟ್ಟುವುದೇ ಇಲ್ಲ. ಅಲ್ಲಿ ಅಲೆಯೇ ಇಲ್ಲವಲ್ಲ, ಅಳೆಯುವುದೇನನ್ನು? ಗೇಟ್‌ವೇ ನೇರವಾಗಿ 256 ಮಟ್ಟಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿ ಕಳಿಸುತ್ತದೆ. ಮನೆಯ ಪಕ್ಕದ ಎಕ್ಸ್‌ಚೇಂಜು ಅದನ್ನು ಹಾಗೆಯೇ ವೋಲ್ಟೇಜಾಗಿ ಮಾಡಿ ತಂತಿಗೆ ಬಿಡುತ್ತದೆ. ಯಾವ ಮಟ್ಟ ಬಂತು ಎಂದು ಗುರುತಿಸುವುದಷ್ಟೇ ಮನೆಯ ಮೋಡೆಮಿನ ಕೆಲಸ. ತೀರ ಒತ್ತೊತ್ತಾಗಿರುವ ಸಣ್ಣ ಮಟ್ಟಗಳನ್ನು ಗುರುತಿಸುವುದು ಕಷ್ಟ, ಆದ್ದರಿಂದ ಎಂಟು ಬಿಟ್ಟಿನ ಬದಲು ಏಳೆಂದು ಹಿಡಿಯೋಣ. ಎಂಟು ಸಾವಿರ ಗುಣಿಲೆ ಏಳು, ಐವತ್ತಾರು ಸಾವಿರ. ಮನೆಯಿಂದ ಆ ಕಡೆಗೆ ಹೋಗುವಾಗ ಮಾತ್ರ ಹಳೆಯ ಅಳತೆಯ ತಪ್ಪು ಇದ್ದೇ ಇರುತ್ತದೆ. ಹಾಗಾಗಿ ಆ ದಿಕ್ಕಿನಲ್ಲಿ 33.6ಕ್ಕೇ ನಿಲುಗಡೆ. ಒಂದೇ ತಂತಿಯಲ್ಲಿ ಬರುವ ದಾರಿಗೊಂದು ವೇಗ, ಹೋಗುವ ದಾರಿಗೊಂದು ವೇಗ ಬಂದದ್ದು ಹೀಗೆ.

ಕಪಾಟಿನಲ್ಲಿ ಮೋಡೆಮ್ ಜೋಡಿಸಿಟ್ಟ ಕಂಪನಿಗೆ ಇದು ಎಂದಿಗೂ ಆಗದ ಮಾತು. ಹೊಸ 56ಕೆ ಮೋಡೆಮ್‌ಗಳನ್ನೇ ಕೊಂಡು ಜೋಡಿಸಿದರೂ ಆಗದು. ಅವರ ತುದಿಯಲ್ಲಿ ಇನ್ನೊಮ್ಮೆ ಅಲೆಯಾಗುವ ಹಂತ ಉಳಿದೇ ಇರುತ್ತದೆ. 1997ರಲ್ಲಿ ಯುಎಸ್ ರೊಬಾಟಿಕ್ಸ್ ಎಕ್ಸ್2 ಎಂದು ಒಂದು ಪದ್ಧತಿ ತಂದರೆ, ರಾಕ್‌ವೆಲ್ ಮತ್ತು ಲೂಸೆಂಟ್ ಸೇರಿ ಕೆ56ಫ್ಲೆಕ್ಸ್ ಎಂದು ಇನ್ನೊಂದನ್ನು ತಂದವು. ಎರಡಕ್ಕೂ ಹೊಂದಿಕೆಯಿಲ್ಲ. 1998ರಲ್ಲಿ ವಿ.90 ಎಂಬ ಒಂದೇ ಮಾನಕಕ್ಕೆ ಒಪ್ಪಂದವಾಯಿತು. ಮೋಡೆಮನ್ನು ಲೆಕ್ಕಾಚಾರವಾಗಿ ಕರಗಿಸಿದ್ದರ ಲಾಭ ಆಗ ಕೈಗೆ ಬಂತು. ಹೊಸ ತಂತ್ರಾಂಶವನ್ನು ಡಿಎಸ್‌ಪಿಗಳಿಗೆ ತುಂಬಿದರೆ ಸಾಕು, ಸಾವಿರ ಮೋಡೆಮ್ ಒಂದೇ ರಾತ್ರಿಯಲ್ಲಿ ಹೊಸ ಭಾಷೆ ಕಲಿಯುತ್ತಿದ್ದವು. ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವಿರಲಿಲ್ಲ.

ಎಂಗೇಜ್

ಇಷ್ಟೊಂದು ಕರೆಗಳನ್ನು ಒಂದೇ ಕಡೆ ಗುಡ್ಡೆ ಹಾಕುವುದೇಕೆ? ಊರೂರಿಗೆ ಚಿಕ್ಕ ಪೆಟ್ಟಿಗೆ ಇಟ್ಟರಾಗದೇ? ಇದಕ್ಕೆ ಉತ್ತರ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್ 1917ರಲ್ಲಿ ಬರೆದ ಸೂತ್ರದಲ್ಲಿದೆ. ನೂರು ಕರೆಯಲ್ಲಿ ಒಂದಕ್ಕಿಂತ ಹೆಚ್ಚು ಕರೆಗೆ ಎಂಗೇಜ್ ಸಿಗಬಾರದು ಎಂದಿಟ್ಟುಕೊಳ್ಳಿ. ಮೂವತ್ತು ಪೋರ್ಟಿನ ಪೆಟ್ಟಿಗೆಯಲ್ಲಿ ಸರಾಸರಿ ಸುಮಾರು 20 ಕರೆ ಮಾತ್ರ ನಡೆಸಬಹುದು, ಉಳಿದ ಹತ್ತು ಪೋರ್ಟ್ ದಿಢೀರನೆ ಬರುವ ನುಗ್ಗಲಿಗಾಗಿ ಖಾಲಿ ಇರಬೇಕು. ಇಂಥ ಹತ್ತು ಪೆಟ್ಟಿಗೆ ಹತ್ತು ಕಡೆ ಇಟ್ಟರೆ ಒಟ್ಟು 203 ಕರೆ. ಅದೇ ಮುನ್ನೂರು ಪೋರ್ಟನ್ನು ಒಂದೇ ಕಡೆ ಸೇರಿಸಿದರೆ ಸುಮಾರು 277. ಒಂದೂ ಹೊಸ ಮೋಡೆಮ್ ಕೊಳ್ಳದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಜಾಗ ಸಿಕ್ಕಿತು. ಒಂದು ಊರಿನ ನುಗ್ಗಲು ಇನ್ನೊಂದು ಊರಿನ ಬಿಡುವಿನಲ್ಲಿ ಕರಗಿಹೋಗುವುದೇ ಇದರ ಮರ್ಮ. ದಟ್ಟತೆ ಎಂದು ಕಂಪನಿಗಳು ಜಂಬದಿಂದ ಹೇಳುತ್ತಿದ್ದ ಗುಣದ ಹಿಂದೆ ಇದ್ದದ್ದು ಈ ಲೆಕ್ಕ.

ಸೂತ್ರ ಸರಿ. ಅದಕ್ಕೆ ಕೊಡುವ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ 1996ರ ಡಿಸೆಂಬರಿನಲ್ಲಿ ಕಂಡಿತು. ಅಲ್ಲಿಯವರೆಗೆ ಗಂಟೆ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ ಇಂಟರ್ನೆಟ್ ಸೇವೆಯ ಕಂಪನಿ ಎಒಎಲ್, ತಿಂಗಳಿಗೆ 19.95 ಡಾಲರ್ ಕೊಟ್ಟು ಎಷ್ಟು ಹೊತ್ತಾದರೂ ಬಳಸಿ ಎಂದಿತು. ಜನ ಕರೆ ಮುಗಿಸುವುದನ್ನೇ ಬಿಟ್ಟರು. ಮತ್ತೆ ಲೈನ್ ಸಿಗುವುದೋ ಇಲ್ಲವೋ ಎಂಬ ಅಂಜಿಕೆಯಿಂದಲೇ ಸಿಕ್ಕ ಲೈನನ್ನು ಹಿಡಿದು ಕೂತರು, ಅದರಿಂದ ಲೈನು ಇನ್ನಷ್ಟು ದುರ್ಲಭವಾಯಿತು. ಹೊಸ ವರ್ಷದ ಜನವರಿಯಲ್ಲಿ ರಾಜ್ಯಗಳ ಅಟಾರ್ನಿ ಜನರಲ್‌ಗಳು ಮಧ್ಯೆ ಬಂದು, ಗಿರಾಕಿಗಳಿಗೆ ಹಣ ಮರಳಿಸುವ ಒಪ್ಪಂದವಾಗಬೇಕಾಯಿತು. (ಅದೇ ಎಒಎಲ್ ತನ್ನ ಡಯಲ್ ಸೇವೆಯನ್ನು ಕೊನೆಗಾಣಿಸಿದ್ದು 2025ರ ಸೆಪ್ಟೆಂಬರ್ 30ಕ್ಕೆ.)

ನಮ್ಮಲ್ಲಿ ಇಂಥದ್ದೇ ಕಷ್ಟ ಅದಕ್ಕೂ ಮೊದಲೇ ಆಗಿತ್ತು. ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಮೊದಲು ನಾಲ್ಕು ಮಹಾನಗರ, ಬೆನ್ನಿಗೇ ಬೆಂಗಳೂರು ಮತ್ತು ಪುಣೆ. ವಿದ್ಯಾರ್ಥಿಗಳಿಗೆ 500 ರೂಪಾಯಿಯ ಶೆಲ್ ಖಾತೆ ಇತ್ತು, ಅದರಲ್ಲಿ ಅಕ್ಷರ ಮಾತ್ರ, ಚಿತ್ರವಿಲ್ಲ. ಬಯಸಿದವರ ಸಂಖ್ಯೆಗೂ ಇದ್ದ ಮೋಡೆಮ್‌ಗಳಿಗೂ ತಾಳೆಯಾಗಲಿಲ್ಲ. ಸಂಸ್ಥೆಯ ಆಗಿನ ಮುಖ್ಯಸ್ಥ ಬಿ.ಕೆ. ಸಿಂಗಾಲ್ ಅಂದಾಜು ತಪ್ಪಿತೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು.

ಎಂಗೇಜ್ ಸದ್ದು ಗೇಟ್‌ವೇ ಕಡೆಯಿಂದಲೇ ಬರಬೇಕೆಂದಿಲ್ಲ. ಎಕ್ಸ್‌ಚೇಂಜುಗಳನ್ನು ಕಟ್ಟಿದ್ದೇ ಮೂರು ನಾಲ್ಕು ನಿಮಿಷದ ಮಾತುಕತೆಗೆ. ನಡುವಿನ ಟ್ರಂಕುಗಳನ್ನೂ ಆ ಲೆಕ್ಕದಲ್ಲೇ ಎಳೆದಿದ್ದರು. ಗಂಟೆಗಟ್ಟಲೆ ಹಿಡಿದು ಕೂರುವ ಇಂಟರ್ನೆಟ್ ಕರೆಗಳು ಆ ಟ್ರಂಕುಗಳನ್ನು ತುಂಬಿದಾಗ, ಆಸ್ಪತ್ರೆಗೆ ಫೋನ್ ಮಾಡುವವರಿಗೂ ಎಂಗೇಜ್. ಮದ್ರಾಸ್ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ರೂಪಿಸಿದ ಕಾರ್‌ಡೆಕ್ಟ್ ನಿಸ್ತಂತು ವ್ಯವಸ್ಥೆ ಈ ತೊಡಕನ್ನು ಅರಿತೇ ಕಟ್ಟಿದ್ದು. ಇಂಟರ್ನೆಟ್ ಕರೆಯನ್ನು ಎಕ್ಸ್‌ಚೇಂಜಿನೊಳಕ್ಕೆ ಬಿಡದೆ, ಅದರ ಹೊಸ್ತಿಲಲ್ಲೇ ಬೇರೆ ದಾರಿಗೆ ತಿರುಗಿಸಿಬಿಡುತ್ತಿತ್ತು. ಅದರಲ್ಲಿ 35 ಅಥವಾ 70 ಕಿಲೋಬಿಟ್ ಸಿಗುತ್ತಿತ್ತು, ಮೋಡೆಮಿನ ಹಂಗಿಲ್ಲದೆ.

ನಮ್ಮ ಹಳ್ಳಿಗಳ ಮಟ್ಟಿಗೆ ಒಂದು ಅದೃಷ್ಟವೂ ಇತ್ತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಗ್ರಾಮೀಣ ಎಕ್ಸ್‌ಚೇಂಜನ್ನು ಮೊಟ್ಟಮೊದಲು ನೆಲೆಗೊಳಿಸಿದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ, 128 ಪೋರ್ಟಿನದು. ಹವಾನಿಯಂತ್ರಣ ಬೇಡದ, ಧೂಳು ಸೆಕೆ ತಾಳುವ ಆ ಪೆಟ್ಟಿಗೆಗಳು ಹುಟ್ಟಿನಿಂದಲೇ ಡಿಜಿಟಲ್. ಅಂಥ ಊರಿನಿಂದ ಜಿಲ್ಲಾ ಕೇಂದ್ರದವರೆಗಿನ ಕೊಂಡಿಯೂ ಡಿಜಿಟಲ್ ಆಗಿದ್ದರೆ ಕಿತ್ತೂರಿನಂಥ ಊರಿನ ಮೋಡೆಮಿಗೂ ಮಹಾನಗರದ ಮೋಡೆಮಿನಷ್ಟೇ ವೇಗ ದಕ್ಕಬಹುದಿತ್ತು. ನಡುವೆ ಎಲ್ಲೋ ಒಂದು ಕಡೆ ಹಳೆಯ ಅನಲಾಗ್ ಕೊಂಡಿ ಉಳಿದಿದ್ದರೆ ಮುಗಿಯಿತು, ಅಳತೆಯ ತಪ್ಪು ಮತ್ತೆ ಸೇರಿಕೊಂಡು ವೇಗ ಕುಸಿಯುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಜಾಯಿಂಟು, ಸಿಡಿಲಿಗೆ ಸುಟ್ಟ ಮೋಡೆಮ್, ಮಲೆನಾಡಿನವರಿಗೆ ಇವು ಬೇರೆ.

ನಡೆಯುತ್ತಿರುವಾಗಲೇ ರಿಪೇರಿ

ಸಾವಿರದ ಮುನ್ನೂರು ಜನ ಒಳಗಿರುವ ಯಂತ್ರದಲ್ಲಿ ಒಂದು ಕಾರ್ಡು ಕೆಟ್ಟರೆ ಎಲ್ಲರನ್ನೂ ಹೊರಗಟ್ಟಿ ರಿಪೇರಿ ಮಾಡುವಂತಿಲ್ಲ. ತಂತ್ರಜ್ಞ ಮೊದಲು ಆ ಕಾರ್ಡಿಗೆ 'ಬಿಜಿಔಟ್' ಆದೇಶ ಕೊಡುತ್ತಾನೆ. ಈಗ ನಡೆಯುತ್ತಿರುವ ಕರೆಗಳು ಮುಂದುವರಿಯಲಿ, ಹೊಸ ಕರೆ ಬೇಡ ಎಂದು ಅದರ ಅರ್ಥ. ಒಬ್ಬೊಬ್ಬರೇ ತಮ್ಮ ಕೆಲಸ ಮುಗಿಸಿ ಹೊರಡುತ್ತಾರೆ, ಎಣಿಕೆ ಇಳಿಯುತ್ತ ಬರುತ್ತದೆ. ಕೊನೆಯವರೂ ಹೋದ ಮೇಲೆ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡು, ಕಾರ್ಡಿನ ಮೇಲೂ ಕೆಳಗೂ ಇರುವ ಚಿಲಕ ಸಡಿಲಿಸಿ, ಎರಡನ್ನೂ ಒಟ್ಟಿಗೆ ಹೊರಕ್ಕೆ ಮಗುಚಿದರೆ ಕಾರ್ಡು ಹಿಂದಿನ ಫಲಕದಿಂದ ಬಿಡಿಸಿಕೊಂಡು ಹಳಿಯ ಮೇಲೆ ಜಾರಿ ಬರುತ್ತದೆ. ಪಕ್ಕದ ಕಾರ್ಡುಗಳಲ್ಲಿ ಇರುವವರಿಗೆ ಗೊತ್ತೇ ಆಗುವುದಿಲ್ಲ. ಹೊಸದನ್ನು ಒಳಗೆ ನೂಕಿದರೆ ಯಂತ್ರ ತಾನಾಗಿ ಗುರುತು ಹಿಡಿದು, ತಂತ್ರಾಂಶ ತುಂಬಿ, ಸಾಲಿಗೆ ಸೇರಿಸಿಕೊಳ್ಳುತ್ತದೆ. ಕೆಟ್ಟರೆ ಇಡೀ ಸಾಧನವನ್ನೇ ಬಿಸಾಡುವ ಈಗಿನ ರೂಢಿಯ ಎದುರು ಈ ಶಿಸ್ತನ್ನು ಇಟ್ಟು ನೋಡಿದರೆ, ಅದನ್ನು ರೂಪಿಸಿದವರ ಬಗ್ಗೆ ಗೌರವ ಹುಟ್ಟುತ್ತದೆ.

ಆಮೇಲೆ

ಮೋಡೆಮ್‌ಗಳು ಇನ್ನೂ ಕುಗ್ಗಿದವು. ಮುಂದಿನ ಪೀಳಿಗೆಯ ಒಂದೇ ಕಾರ್ಡಿನಲ್ಲಿ 324 ಪೋರ್ಟ್ ಬಂತು. ಎಎಸ್5400 ಎಂಬ ಪೆಟ್ಟಿಗೆ ಮೂರೂವರೆ ಅಂಗುಲ ಎತ್ತರದಲ್ಲಿ 648 ಕರೆ ಹಿಡಿಯಿತು. ಅಷ್ಟರಲ್ಲಿ ಗಿರಾಕಿಗಳು ಬೇರೆ ಕಡೆ ಹೊರಟಿದ್ದರು. ಕೇಂದ್ರ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ಟಿಗೆ ಕಡಿಮೆಯಿರುವುದನ್ನು ಬ್ರಾಡ್‌ಬ್ಯಾಂಡ್ ಎನ್ನಬಾರದೆಂದಿತು, 2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಸೇವೆ ಡೇಟಾಒನ್ ಬಂತು. ಅದರ ಯಂತ್ರ ಎಕ್ಸ್‌ಚೇಂಜಿನಲ್ಲಿ ಪ್ರತಿ ಲೈನಿಗೂ ಒಂದು ಮೋಡೆಮನ್ನು ಕಾಯಂ ಆಗಿ ಕೊಟ್ಟುಬಿಡುತ್ತಿತ್ತು. ಹಂಚಿಕೆ ಇರಲಿಲ್ಲ, ಆದ್ದರಿಂದ ಎಂಗೇಜ್ ಇರಲಿಲ್ಲ. ಇಕ್ಕಟ್ಟು ಮಾತ್ರ ಹೋಗಲಿಲ್ಲ, ಜಾಗ ಬದಲಿಸಿತು. ಬಾಗಿಲಲ್ಲಿ ತಡೆಯುವ ಬದಲು ಎಲ್ಲರನ್ನೂ ಒಳಗೆ ಬಿಟ್ಟುಕೊಂಡು ಎಲ್ಲರಿಗೂ ನಿಧಾನವಾಗಿ ಬಡಿಸುವ ಪದ್ಧತಿ ಬಂತು. ಎಎಸ್5800ರ 1,344 ಕರೆಗಳೂ ಏಕಕಾಲಕ್ಕೆ 53 ಕಿಲೋಬಿಟ್ ವೇಗದಲ್ಲಿ ದುಡಿದರೂ ಒಟ್ಟು ಸುಮಾರು 71 ಮೆಗಾಬಿಟ್. ಇಂದು ಅಷ್ಟನ್ನು ಒಂದು ಮನೆಯ ಫೈಬರ್ ಸಂಪರ್ಕ ನುಂಗುತ್ತದೆ. ಆ ಫೈಬರಿನಲ್ಲೂ ಹೆಸರು, ಗುಪ್ತಪದ ಕೊಟ್ಟು ಒಳಗೆ ಹೋಗುವವರು ಬಳಸುವುದು ಪಿಪಿಪಿಯ ಮುಂದಿನ ರೂಪವನ್ನೇ. ಆ ಕಡೆ 'ಇವರು ನಮ್ಮವರೇ' ಎಂದು ಹೇಳುವುದು ಹೆಚ್ಚಾಗಿ ರೇಡಿಯಸ್ಸೇ.

ಹಳೆಯ ಯಂತ್ರಗಳಿಗೆ ಬೇರೆ ಕೆಲಸ ಸಿಕ್ಕಿತು. ಡಿಎಸ್‌ಪಿಗೆ ಮೋಡೆಮಿನ ಲೆಕ್ಕದ ಬದಲು ದನಿಯನ್ನು ಪ್ಯಾಕೆಟ್ ಮಾಡುವ ಲೆಕ್ಕ ಕೊಟ್ಟರೆ ಅದೇ ಪೋರ್ಟ್ ಇಂಟರ್ನೆಟ್ ಫೋನಿನ ದ್ವಾರವಾಗುತ್ತದೆ. ಭಾರತದಲ್ಲಿ 2002ರ ಏಪ್ರಿಲ್ 1ರಿಂದ ಇಂಟರ್ನೆಟ್ ದೂರವಾಣಿಗೆ ಅನುಮತಿ ಸಿಕ್ಕಿತು. ಅಮೆರಿಕದಲ್ಲಿದ್ದ ಮಕ್ಕಳೊಡನೆ ಗಡಿಯಾರ ನೋಡಿಕೊಂಡು ಮಾತಾಡುತ್ತಿದ್ದ ತಾಯಿ ತಂದೆಯರ ಕರೆಗಳು ಅಗ್ಗವಾದದ್ದರಲ್ಲಿ ಇಂಥ ಪೋರ್ಟುಗಳ ಪಾಲಿದೆ.

ಇನ್ನೊಂದು ಕೆಲಸ ಅಂಗಡಿಗಳ ಕಾರ್ಡ್ ಉಜ್ಜುವ ಯಂತ್ರದ್ದು. ಅದೂ ಬ್ಯಾಂಕಿನ ಕಡೆಗೆ ಫೋನ್ ಮಾಡುತ್ತಿತ್ತು, ಅಲ್ಲೂ ಇಂಥದ್ದೇ ಗೇಟ್‌ವೇ ಎತ್ತುತ್ತಿತ್ತು. ಇಲ್ಲಿ ಎಂಜಿನಿಯರುಗಳು ವೇಗವನ್ನು ಬೇಕೆಂದೇ ಕೆಳಗಿಳಿಸಿದರು. ಕಾರ್ಡಿನ ಸಂಖ್ಯೆ, ಮೊತ್ತ, ಅಂಗಡಿಯ ಗುರುತು ಎಲ್ಲ ಸೇರಿ ಇನ್ನೂರು ಅಕ್ಷರ ಎಂದಿಟ್ಟುಕೊಂಡರೂ 1,600 ಬಿಟ್. ಅಷ್ಟಕ್ಕೆ ವೇಗದ ಮೋಡೆಮಿನ ಉದ್ದನೆಯ ಹೊಂದಾಣಿಕೆಯ ಶಾಸ್ತ್ರ ಮುಗಿಯುವ ತನಕ ಕಾದರೆ ಗಲ್ಲಾದ ಮುಂದೆ ಸಾಲು ಬೆಳೆಯುತ್ತದೆ. ಹಳೆಯ 1,200 ಬಿಟ್ ವೇಗದ ವಿ.22 ಪದ್ಧತಿಗೆ ಹೊಂದಾಣಿಕೆ ಕೆಲವೇ ಕ್ಷಣಗಳದ್ದು, ಮಾಹಿತಿ ದಾಟಲು ಒಂದೂ ಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಹಾಗಾಗಿ ಐವತ್ತಾರು ಸಾವಿರ ಬಲ್ಲ ಡಿಎಸ್‌ಪಿಗಳು ಅಂಗಡಿಯವರ ಕರೆ ಬಂದಾಗ ಸಾವಿರದ ಇನ್ನೂರರಲ್ಲೇ ಮಾತಾಡಿ, ರಸೀದಿ ಮುದ್ರಣವಾಗುವಷ್ಟರಲ್ಲಿ ಮುಂದಿನ ಕರೆಗೆ ಖಾಲಿಯಾಗಿರುತ್ತಿದ್ದವು.